ಎರಡು ರಿಪೀಟರ್, ಒಂದೇ ಆಂಟೆನಾ: ವಾಸ್ಕೋ ಗುಡ್ಡದ ಮೇಲಿನ ಒಂದು ಪ್ರಕರಣ

ಗೋವಾದ ವಾಸ್ಕೋದಲ್ಲಿ ಕಚೇರಿ ಇರುವ ಒಂದು ಖಾಸಗಿ ಬಾರ್ಜ್ ಕಂಪನಿಯ ಪ್ರಕರಣ ಇದು. ಮಾಂಡವಿ ಮತ್ತು ಜುವಾರಿ ನದಿಗಳ ಜೆಟ್ಟಿಗಳಲ್ಲಿ ಸರಕು ತುಂಬಿಕೊಂಡು ಮುರಗಾಂವ್ ಬಂದರಿಗೆ ತಲುಪಿಸುವುದು ಕಂಪನಿಯ ಕೆಲಸ. ಬಾರ್ಜುಗಳಿಗೂ ಜೆಟ್ಟಿಗಳಿಗೂ ಕಚೇರಿಗೂ ಮಾತುಕತೆ ನಡೆಯುವುದು ವಾಕಿಟಾಕಿಯಲ್ಲಿ. ಕೈಯಲ್ಲಿ ಹಿಡಿಯುವ ಸೆಟ್ಟಿನ ದನಿ ಗುಡ್ಡಗಳನ್ನು ದಾಟಿ ಹೋಗುವುದಿಲ್ಲವಾದ್ದರಿಂದ ವಾಸ್ಕೋ ಬಳಿಯ ಎತ್ತರದ ಜಾಗದಲ್ಲಿ ಒಂದು ಯುಎಚ್‌ಎಫ್ ರಿಪೀಟರ್ ಇಟ್ಟಿದ್ದಾರೆ. ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡದ್ದನ್ನು ಆ ಕ್ಷಣವೇ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಹೇಳುವುದಷ್ಟೇ ಅದರ ಉದ್ಯೋಗ. ಅದು ನಿಂತರೆ ಇಡೀ ಜಾಲ ಮೂಕ.

ಇದು ಗೊತ್ತಿದ್ದೇ ಕಂಪನಿಯವರು ಆರಂಭದಲ್ಲೇ ಜೋಡಿ ರಿಪೀಟರ್ ಖರೀದಿಸಿದ್ದರು. ಒಂದೇ ರ‍್ಯಾಕಿನಲ್ಲಿ ಎ ಮತ್ತು ಬಿ, ನಡುವೆ ಒಂದು ಚೇಂಜ್‌ಓವರ್ ಪೆಟ್ಟಿಗೆ. ಎ ಕೆಟ್ಟರೆ ಬಿ ತಾನಾಗಿಯೇ ಕೆಲಸ ಹಿಡಿಯಬೇಕು. ಕೊಟೇಶನ್ನಿನಲ್ಲಿ ಇದಕ್ಕೆ ‘ಫುಲ್ ಹಾಟ್ ಸ್ಟ್ಯಾಂಡ್‌ಬೈ’ ಎಂದು ಬರೆದಿತ್ತು. ದುಡ್ಡೂ ಅದಕ್ಕೆ ತಕ್ಕಂತೆಯೇ ಕೊಟ್ಟಿದ್ದರು.

ಮಳೆಗಾಲದ ವಿಷಯ ಇಲ್ಲಿ ಮುಖ್ಯ. ಜೂನ್ ಬಂತೆಂದರೆ ಮಾಂಡವಿಯ ಮುಖದಲ್ಲಿ, ಅಗ್ವಾದದ ಮರಳು ದಿಬ್ಬದ ಹತ್ತಿರ, ಬಾರ್ಜು ದಾಟಿಸುವಂತಿಲ್ಲ. ಆಗ ಮಾಂಡವಿಯ ಬಾರ್ಜುಗಳು ಕುಂಬಾರ್ಜುವಾ ಕಾಲುವೆ ಹಿಡಿದು ಜುವಾರಿಗೆ ಬಂದು ಬಂದರು ಸೇರುತ್ತವೆ. ಕಾಲುವೆ ಇಕ್ಕಟ್ಟು, ಎದುರು ಬದುರು ಬರುವವರು ಮೊದಲೇ ಮಾತಾಡಿಕೊಳ್ಳಬೇಕು. ಅಂದರೆ ಗುಡ್ಡದಿಂದ ದೂರದ, ಸಿಗ್ನಲ್ ತೆಳುವಾದ ಜಾಗದಲ್ಲಿ ರೇಡಿಯೋ ಹೆಚ್ಚು ಬೇಕಾಗುವುದು, ಆಂಟೆನಾದ ಮೇಲೆ ನೀರು ಸುರಿಯುವ ತಿಂಗಳುಗಳಲ್ಲೇ.

ಆ ರಾತ್ರಿ ಆದದ್ದು

ಜುಲೈ ತಿಂಗಳ ಒಂದು ರಾತ್ರಿ ಜಾಲ ಒಡೆದು ಒಡೆದು ಬರತೊಡಗಿತು. ಎರಡು ಪದ ಕೇಳುತ್ತದೆ, ‘ಟಕ್’ ಅನ್ನುತ್ತದೆ, ಮೌನ. ಮತ್ತೆ ಅರ್ಧ ವಾಕ್ಯ, ಮತ್ತೆ ‘ಟಕ್’. ಕಾಲುವೆಯಲ್ಲಿದ್ದ ಬಾರ್ಜಿನವರು ಕೂಗಿ ಕೂಗಿ ಸಾಕಾಗಿ ಮೊಬೈಲ್ ಹಿಡಿದರು, ಅದು ಸಿಗದ ಕಡೆ ಮರೀನ್ ವಿಎಚ್‌ಎಫ್ ಸೆಟ್ಟಿನಲ್ಲಿ ಪರಸ್ಪರ ಮಾತಾಡಿಕೊಂಡರು. ಅಪಘಾತವೇನೂ ಆಗಲಿಲ್ಲ. ಆದರೆ ಬೆಳಗಿನ ತನಕ ಕಚೇರಿಗೆ ಯಾವ ಬಾರ್ಜು ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಚೇರಿಯ ಗೋಡೆಯ ಮೇಲಿನ ಅಲಾರಂ ಪೆಟ್ಟಿಗೆ ರಾತ್ರಿಯಿಡೀ ಒಂದು ಸದ್ದೂ ಮಾಡಲಿಲ್ಲ. ಕಂಪನಿಗೆ ಸಿಟ್ಟು ಬಂದದ್ದು ಅದಕ್ಕೆ. ಹೊರಗಿನವರಿಂದ ತನಿಖೆ ಮಾಡಿಸಬೇಕೆಂದು ನಮ್ಮನ್ನು ಕರೆದರು.

ಗುಡ್ಡದ ಕೋಣೆಯ ಉಸ್ತುವಾರಿ ನೋಡುವವರು ಬಾಗಲಕೋಟೆ ಕಡೆಯ ಹಿರಿಯ ಮೆಕ್ಯಾನಿಕ್. ವಾಸ್ಕೋದ ಬೈನಾದಲ್ಲಿ ಮನೆ. ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ನಾವು ಹೋದಾಗ ಎರಡೂ ರಿಪೀಟರುಗಳ ಮೇಲೆ ಹಸಿರು ದೀಪ. ಮೀಟರ್ ಹಚ್ಚಿದರೆ ಎರಡಕ್ಕೂ 13.8 ವೋಲ್ಟ್. ನಾನು ‘ಬಿ ಸರಿಯಾಗಿಯೇ ಇದ್ದಂತಿದೆಯಲ್ಲ’ ಎಂದರೆ ಕಾಕಾ ನಕ್ಕರು.

“ಹಸರ ದೀಪ ಹತ್ತೇತಿ ಅಂದ್ರ ಕೆಲಸ ಮಾಡತೈತಿ ಅಂತಲ್ರೀ ಸರ, ಕರೆಂಟ್ ಬಂದೈತಿ ಅಂತ ಅಷ್ಟ. ಮಾತಾಡಸಿ ನೋಡ್ರಿ.”

ಬಿಯ ಟ್ರಾನ್ಸ್‌ಮಿಟರನ್ನು ಡಮ್ಮಿ ಲೋಡಿಗೆ (ಆಂಟೆನಾ ಬದಲು ಶಕ್ತಿಯನ್ನು ಶಾಖವಾಗಿ ಕುಡಿಯುವ ರೆಸಿಸ್ಟರಿಗೆ) ಕಟ್ಟಿ ಕೀ ಒತ್ತಿದೆವು. ವೋಲ್ಟೇಜು 13.8ರಿಂದ ಒಂದೇ ಸಲಕ್ಕೆ 9.6ಕ್ಕೆ ಬಿತ್ತು, ಫ್ಯಾನು ಸೋತಂತಾಯಿತು, ಸೆಟ್ಟು ರೀಸೆಟ್ ಆಯಿತು. ಕೀ ಬಿಟ್ಟರೆ ಮತ್ತೆ ಹಸಿರು, ಮತ್ತೆ 13.8. ಪವರ್ ಸಪ್ಲೈ ಬಿಚ್ಚಿದಾಗ ಔಟ್‌ಪುಟ್ ಬದಿಯ ಎಲೆಕ್ಟ್ರೋಲಿಟಿಕ್ ಕಪಾಸಿಟರುಗಳ ತಲೆ ಉಬ್ಬಿತ್ತು, ಒಂದರ ಬುಡದಲ್ಲಿ ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು. ಸುಮ್ಮನಿರುವಾಗ ಸೆಟ್ಟು ಎಳೆಯುವುದು ಸುಮಾರು ಒಂದು ಆಂಪಿಯರ್. 50 ವಾಟ್ ಹೊರಡಿಸುವಾಗ ಹನ್ನೆರಡು. ಒಣಗಿದ ಕಪಾಸಿಟರ್ ಒಂದು ಆಂಪಿಯರನ್ನು ತಾಳುತ್ತದೆ, ಹನ್ನೆರಡನ್ನು ತಾಳುವುದಿಲ್ಲ. ಇದು ಯಾವಾಗ ಕೆಟ್ಟಿತು? ಹೇಳಲು ದಾರಿಯೇ ಇಲ್ಲ. ಬಿಗೆ ಕೆಲಸವೇ ಬಂದಿರಲಿಲ್ಲ, ಆದ್ದರಿಂದ ಅದು ಸತ್ತದ್ದು ಯಾರ ಗಮನಕ್ಕೂ ಬಂದಿರಲಿಲ್ಲ.

ಆದರೆ ಎ ಯಾಕೆ ಬಿಗೆ ಕೆಲಸ ಒಪ್ಪಿಸಲು ಹೋಯಿತು? ಅದಕ್ಕೆ ಮೇಲೆ ಹತ್ತಬೇಕಾಯಿತು. ಟವರಿನ ತುದಿಯಲ್ಲಿ ಆಂಟೆನಾಗೆ ಕೋಆಕ್ಸ್ ಕೇಬಲ್ ಸೇರುವ ಎನ್ ಕನೆಕ್ಟರ್ ಬಿಚ್ಚಿದ ಕೂಡಲೇ ಒಳಗಿಂದ ನೀರು ತೊಟ್ಟಿಕ್ಕಿತು. ನಡುವಿನ ಪಿನ್ನಿಗೆ ಹಸಿರು ಕಿಲುಬು. ಮೇಲಿನ ಟೇಪನ್ನು ನೋಡಿದರೆ ಕಾರಣ ಕಾಣುತ್ತಿತ್ತು. ಟೇಪು ಸುತ್ತುವುದನ್ನು ಮೇಲಿನಿಂದ ಶುರು ಮಾಡಿ ಕೆಳಗೆ ಮುಗಿಸಿದ್ದರು. ಹಾಗೆ ಮಾಡಿದರೆ ಪ್ರತಿ ಸುತ್ತಿನ ಅಂಚೂ ಮೇಲ್ಮುಖವಾಗಿ ನಿಂತು, ಇಳಿಯುವ ನೀರನ್ನು ಒಳಗೆ ಕರೆದುಕೊಳ್ಳುತ್ತದೆ. ಮಾಡಿಗೆ ಹೆಂಚು ಹೊದಿಸುವ ಹಾಗೆ ಕೆಳಗಿನಿಂದ ಮೇಲಕ್ಕೆ ಬರಬೇಕು. ಉಪ್ಪುಗಾಳಿ ಇರುವ ಊರಿನಲ್ಲಿ ಈ ಒಂದು ಸುತ್ತಿನ ದಿಕ್ಕು ಸಾಕು, ಎರಡು ಮಳೆಗಾಲದಲ್ಲಿ ಕನೆಕ್ಟರ್ ಮುಗಿಸಲು.

ನೀರು ಹೊಕ್ಕ ಕನೆಕ್ಟರಿನಿಂದ ಶಕ್ತಿ ವಾಪಸು ಬರುತ್ತದೆ. ಹೆಚ್ಚು ವಾಪಸು ಬಂದರೆ ಟ್ರಾನ್ಸ್‌ಮಿಟರ್ ತನ್ನನ್ನು ಉಳಿಸಿಕೊಳ್ಳಲು ಪವರ್ ತಗ್ಗಿಸುತ್ತದೆ. ಚೇಂಜ್‌ಓವರ್ ಪೆಟ್ಟಿಗೆ ನೋಡುತ್ತಿದ್ದುದು ಒಂದನ್ನೇ: ಹೊರಹೋಗುವ ಪವರ್ ಇಂತಿಷ್ಟಿದೆಯೋ ಇಲ್ಲವೋ. ಎ ತಗ್ಗಿಸಿತು, ಪೆಟ್ಟಿಗೆ ‘ಎ ಕೆಟ್ಟಿದೆ’ ಎಂದು ರಿಲೇ ತಿರುಗಿಸಿ ಬಿಯನ್ನು ಅದೇ ಒದ್ದೆ ಆಂಟೆನಾಗೆ ಜೋಡಿಸಿತು. ಬಿ ಕೀ ಒತ್ತಿದ ಕೂಡಲೇ ಕುಸಿಯಿತು. ‘ಬಿಯೂ ಕೆಟ್ಟಿದೆ’, ಮತ್ತೆ ಎ. ಮಧ್ಯೆ ಕೆಲವೇ ಸೆಕೆಂಡುಗಳ ಬಿಡುವು. ಬಾರ್ಜಿನವರಿಗೆ ಕೇಳಿದ ‘ಟಕ್’ ಇದೇ. ಬಿ ಇಲ್ಲದೆ ಎ ಒಂದೇ ಇದ್ದಿದ್ದರೆ ಆ ರಾತ್ರಿ ತಗ್ಗಿದ ಪವರಿನಲ್ಲೇ ಆದರೂ ಹತ್ತಿರದ ಜೆಟ್ಟಿಗಳ ಜೊತೆ ಮಾತು ನಡೆಯುತ್ತಿತ್ತು. ಅಂದರೆ ಸ್ಟ್ಯಾಂಡ್‌ಬೈ ಇದ್ದದ್ದೇ ಜಾಲವನ್ನು ಪೂರ್ತಿ ಮಲಗಿಸಿತು. ವರದಿಯಲ್ಲಿ ಈ ವಾಕ್ಯ ಬರೆದಾಗ ಸಪ್ಲೈ ಮಾಡಿದವರು ಆಕ್ಷೇಪಿಸಿದರು. ಲಾಗ್ ತೆಗೆದು ತೋರಿಸಿದ ಮೇಲೆ ಸುಮ್ಮನಾದರು. ಆ ಲಾಗ್ ಕೂಡ ಅರ್ಧಂಬರ್ಧ: ಪೆಟ್ಟಿಗೆಯ ನೆನಪಿನಲ್ಲಿ ಉಳಿಯುವುದು ಕೊನೆಯ 32 ಘಟನೆಗಳು ಮಾತ್ರ, ಆ 32ರಲ್ಲೂ ಎ-ಬಿ-ಎ-ಬಿ ಬಿಟ್ಟು ಬೇರೇನಿರಲಿಲ್ಲ.

ಇನ್ನು ಅಲಾರಂ. ದೋಷವಾದರೆ ಪೆಟ್ಟಿಗೆಯೊಳಗಿನ ಕಾಂಟ್ಯಾಕ್ಟ್ ಕೂಡಿಕೊಂಡು ಒಂದು ಟೋನ್ ಹೊರಡಬೇಕು. ಆ ಟೋನ್ ಕಚೇರಿಗೆ ತಲುಪಬೇಕಾದದ್ದು ಯಾವುದರ ಮೂಲಕ? ಅದೇ ರಿಪೀಟರಿನ ಮೂಲಕ. ತಾನು ಸತ್ತ ಸುದ್ದಿಯನ್ನು ತಾನೇ ಬಂದು ಹೇಳಬೇಕೆಂಬ ವ್ಯವಸ್ಥೆ. ಇಂಥದ್ದನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ, ಆದ್ದರಿಂದ ಇವರೊಬ್ಬರನ್ನೇ ಬೈಯಲಾರೆ.

ಇನ್ನೊಂದು ಸೂಕ್ಷ್ಮ ಇತ್ತು. ತಿಂಗಳುಗಳ ಹಿಂದೆಯೇ ಬಾರ್ಜಿನವರು ‘ಕಾಲುವೆ ಕಡೆ ಸಿಗ್ನಲ್ ಕಡಿಮೆಯಾಗಿದೆ’ ಎಂದು ದೂರು ಕೊಟ್ಟಿದ್ದರು. ಸರ್ವಿಸ್‌ನವರು ಬಂದು ಕೆಳಗೆ ಕೋಣೆಯಲ್ಲಿ ಕುಳಿತು ಎಸ್‌ಡಬ್ಲ್ಯೂಆರ್ (ಆಂಟೆನಾ ಕಡೆಯಿಂದ ಎಷ್ಟು ಶಕ್ತಿ ವಾಪಸು ಬರುತ್ತಿದೆ ಎಂದು ಹೇಳುವ ಅಂಕಿ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) ಅಳೆದು ‘ಚೆನ್ನಾಗಿದೆ’ ಎಂದು ಬರೆದು ಹೋಗಿದ್ದರು. ಅಳತೆ ಸುಳ್ಳಲ್ಲ. ಆದರೆ ತೇವ ಕುಡಿದ ಕೇಬಲ್ ಹೋಗುವ ಶಕ್ತಿಯನ್ನೂ ನುಂಗುತ್ತದೆ, ವಾಪಸು ಬರುವುದನ್ನೂ ನುಂಗುತ್ತದೆ. ಕೇಬಲ್ 5 ಡಿಬಿ, ಅಂದರೆ ಶಕ್ತಿಯ ಮೂರರಲ್ಲಿ ಸುಮಾರು ಎರಡು ಪಾಲು, ನುಂಗುವಂತಾಗಿದ್ದರೆ, ಮೇಲೆ ಆಂಟೆನಾವೇ ಇಲ್ಲದಿದ್ದರೂ ಕೆಳಗಿನ ಮೀಟರಿಗೆ ಹೋಗಿ ಬರುವ ನಷ್ಟ 10 ಡಿಬಿ ಸೇರಿ ಎಸ್‌ಡಬ್ಲ್ಯೂಆರ್ 1.9ರ ಸುಮಾರು ಕಾಣುತ್ತದೆ. ಕೇಬಲ್ ಹದಗೆಟ್ಟಷ್ಟೂ ಮೀಟರ್ ಸಮಾಧಾನದ ಅಂಕಿ ತೋರಿಸುತ್ತದೆ. ಒಂದೇ ತುದಿಯಲ್ಲಿ ಅಳೆದು ಕೇಬಲ್ ಪಾಸು ಮಾಡುವವರ ಮಾತನ್ನು ನಾನು ನಂಬುವುದಿಲ್ಲ.

ಲೆಕ್ಕ ಹೇಳುವುದೇನು

ಕಂಪನಿಯ ಕಾರ್ಯಾಚರಣೆ ನೋಡಿಕೊಳ್ಳುವವರು ಕುಮಟಾ ಕಡೆಯವರು. “ಅಲ್ಲ ಸರ್, ಎರಡೆರಡು ಇಟ್ಟೂ ಹಿಂಗಾದ್ರೆ ಮತ್ತೆ ಎಂತಕ್ಕೆ ದುಡ್ಡು ಹಾಕೂದು?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಕಾಗದದ ಮೇಲೆ ಒಂದು ಲೆಕ್ಕ ಹಾಕಿ ತೋರಿಸಿದೆ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ಆದರೆ ಅವುಗಳ ನಡುವಿನ ಅನುಪಾತ ಇಂಥ ಎಲ್ಲ ಕಡೆ ಹೆಚ್ಚುಕಡಿಮೆ ಹೀಗೇ.

ಒಂದು ರಿಪೀಟರ್ ಸರಾಸರಿ 20,000 ಗಂಟೆಗೊಮ್ಮೆ ಕೆಡುತ್ತದೆ, ರಿಪೇರಿಗೆ 24 ಗಂಟೆ ಎಂದಿಟ್ಟುಕೊಳ್ಳಿ. ಬೆಸುಗೆ ಹಾಕಲು ಅರ್ಧ ಗಂಟೆಯೂ ಬೇಡ, ಉಳಿದದ್ದೆಲ್ಲ ದಾರಿ. ಬಿಡಿಭಾಗ ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಬರಬೇಕು, ಇಲ್ಲವೇ ಮುಂಬಯಿಯಿಂದ ಬರಬೇಕು. ಮಳೆಗಾಲದಲ್ಲಿ ಘಟ್ಟದಲ್ಲಿ ಮಣ್ಣು ಕುಸಿದರೆ ಅದೂ ಇಲ್ಲ. ಈ ಲೆಕ್ಕದಲ್ಲಿ ಒಂಟಿ ರಿಪೀಟರ್ ವರ್ಷಕ್ಕೆ ಸುಮಾರು ಹತ್ತೂವರೆ ಗಂಟೆ ಸತ್ತಿರುತ್ತದೆ.

ಎರಡು ಇಟ್ಟು, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕೆಡುತ್ತವೆ, ಕೆಟ್ಟದ್ದು ಕೂಡಲೇ ಗೊತ್ತಾಗುತ್ತದೆ ಎಂದುಕೊಂಡರೆ ಎರಡೂ ಒಟ್ಟಿಗೆ ಸತ್ತಿರುವುದು ವರ್ಷಕ್ಕೆ ಮುಕ್ಕಾಲು ನಿಮಿಷ. ಮಾರಾಟದವರು ತೋರಿಸುವುದು ಈ ಮುಕ್ಕಾಲು ನಿಮಿಷವನ್ನೇ.

ಈಗ ನಿಜಸ್ಥಿತಿ ಸೇರಿಸೋಣ. ದೋಷಗಳಲ್ಲಿ ನೂರಕ್ಕೆ ಐದು ಇಬ್ಬರಿಗೂ ಸಮಾನ, ಅಂದರೆ ಆಂಟೆನಾ, ಮೇನ್ ಸ್ವಿಚ್, ಸಿಡಿಲು. ಇಷ್ಟಕ್ಕೇ ಮುಕ್ಕಾಲು ನಿಮಿಷ ಅರ್ಧ ಗಂಟೆಯಾಗುತ್ತದೆ. ಬಿ ಕೆಟ್ಟದ್ದು ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುವುದಾದರೆ, ಎ ಕೈಕೊಟ್ಟ ಕ್ಷಣದಲ್ಲಿ ಬಿ ಆಗಲೇ ಸತ್ತಿರುವ ಸಂಭವ ಐದರಲ್ಲಿ ಒಂದು. ವರ್ಷಕ್ಕೆ ಎರಡು ಗಂಟೆ ಹೋಯಿತು. ಪರೀಕ್ಷೆ ತಿಂಗಳಿಗೊಮ್ಮೆ ಮಾಡಿದರೆ ಎರಡು ಗಂಟೆ ಹನ್ನೊಂದು-ಹನ್ನೆರಡು ನಿಮಿಷಕ್ಕೆ ಇಳಿಯುತ್ತದೆ, ವಾರಕ್ಕೊಮ್ಮೆ ಮಾಡಿದರೆ ಮೂರು ನಿಮಿಷದೊಳಗೆ. ಖರ್ಚು ಏನೂ ಇಲ್ಲ. ಮಧ್ಯದ ಚೇಂಜ್‌ಓವರ್ ಪೆಟ್ಟಿಗೆ ರಿಪೀಟರಿಗಿಂತ ಐದು ಪಟ್ಟು ಗಟ್ಟಿ ಎಂದೇ ಒಪ್ಪಿಕೊಂಡರೂ ಅದೊಂದರಿಂದಲೇ ವರ್ಷಕ್ಕೆ ಇನ್ನೂ ಎರಡು ಗಂಟೆ. ಅಂದರೆ ಮೂರನೆಯ ರಿಪೀಟರ್ ಕೊಳ್ಳುವುದರಲ್ಲಿ ಅರ್ಥವೇ ಇಲ್ಲ. ಕಂಪನಿ ನಮ್ಮನ್ನು ಕರೆಯುವ ಮೊದಲು ಅದಕ್ಕೇ ಹಣ ತೆಗೆದಿಟ್ಟಿತ್ತು.

ಸಮಾನ ದೋಷದ ವಿಷಯಕ್ಕೆ ನಾನು ಕೊಟ್ಟ ಉದಾಹರಣೆ 2008ರ ಜನವರಿ 30ರದು. ಸೀ-ಮೀ-ವೀ 4 ಮತ್ತು ಫ್ಲ್ಯಾಗ್ ಯುರೋಪ್-ಏಷ್ಯಾ ಎಂಬ ಎರಡು ಸಮುದ್ರದೊಳಗಿನ ಕೇಬಲ್‌ಗಳು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಒಂದೇ ದಿನ ತುಂಡಾದವು. ಎರಡೂ ಬೇರೆ ಬೇರೆ ಒಡೆತನದವು, ಎರಡೂ ಮುಂಬಯಿಗೆ ಬಂದು ಸೇರುವಂಥವು. ಒಂದಕ್ಕೆ ಇನ್ನೊಂದು ಆಸರೆ ಎಂದುಕೊಂಡವರ ಇಂಟರ್ನೆಟ್ಟು ಸೇರಿದಂತೆ ಭಾರತದ ಪಶ್ಚಿಮದ ಕಡೆಯ ಸಂಪರ್ಕಕ್ಕೆ ದೊಡ್ಡ ಪೆಟ್ಟು ಬಿತ್ತು. ಬಿಲ್ಲು ಎರಡು ಕಂಪನಿಗಳಿಂದ ಬಂದರೂ ಸಮುದ್ರದ ತಳದಲ್ಲಿ ಎರಡೂ ಅಕ್ಕಪಕ್ಕ.

ಹೊಸ ವಿನ್ಯಾಸ

ಮೊದಲ ತೀರ್ಮಾನ, ಆಂಟೆನಾ ರಿಲೇಯನ್ನೇ ಕಿತ್ತುಹಾಕುವುದು. ಎಗೆ ತನ್ನದೇ ಆಂಟೆನಾ, ಕೇಬಲ್, ಡ್ಯುಪ್ಲೆಕ್ಸರ್ (ಒಂದೇ ಆಂಟೆನಾದಲ್ಲಿ ಕೇಳುವುದನ್ನೂ ಕಳಿಸುವುದನ್ನೂ ಬೇರ್ಪಡಿಸುವ ಫಿಲ್ಟರ್), ಬಿಗೆ ತನ್ನದೇ. ಬಿಯ ಆಂಟೆನಾವನ್ನು ಕಟ್ಟಡದ ಇನ್ನೊಂದು ಮೂಲೆಯಲ್ಲಿ ತುಸು ತಗ್ಗಿನ ಕಂಬಕ್ಕೆ ಹಾಕಿದೆವು. ವ್ಯಾಪ್ತಿ ಸ್ವಲ್ಪ ಕಡಿಮೆ, ಪರವಾಗಿಲ್ಲ. ಆಪತ್ಕಾಲದಲ್ಲಿ ಎಂಬತ್ತು ಭಾಗ ಸಿಕ್ಕರೂ ಅದು ದೊಡ್ಡದೇ. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ ಕೊಟ್ಟ ಫ್ರೀಕ್ವೆನ್ಸಿ ಜೋಡಿ ಒಂದೇ ಆದ್ದರಿಂದ ಎ ಮತ್ತು ಬಿ ಒಟ್ಟಿಗೆ ಮಾತಾಡುವಂತಿಲ್ಲ. ಆದರೆ ಒಟ್ಟಿಗೆ ಕೇಳಬಹುದು.

ಈ ವಿನ್ಯಾಸದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ, ‘ಒಟ್ಟಿಗೆ ಕೇಳಬಹುದು’ ಎಂಬ ಸಂಗತಿಯಿಂದ ಸಿಕ್ಕ ಲಾಭ. ಹಳೆಯ ಪೆಟ್ಟಿಗೆ ಟ್ರಾನ್ಸ್‌ಮಿಟರಿನ ಪವರ್ ಮಾತ್ರ ನೋಡುತ್ತಿತ್ತು. ರಿಸೀವರ್ ಕಿವುಡಾದರೆ ಅದಕ್ಕೆ ತಿಳಿಯುವುದು ಸಾಧ್ಯವೇ ಇರಲಿಲ್ಲ: ಯಾರೂ ಕರೆಯದಿರುವುದಕ್ಕೂ, ಕರೆದದ್ದು ಕೇಳದಿರುವುದಕ್ಕೂ ಒಳಗಿನಿಂದ ವ್ಯತ್ಯಾಸವಿಲ್ಲ. ಈಗ ಇಬ್ಬರೂ ಕಿವಿ ತೆರೆದಿರುತ್ತಾರೆ. ಬಿಗೆ ನಮ್ಮ ಟೋನ್ (ನಮ್ಮ ಸೆಟ್ಟುಗಳು ಗುರುತಿಗಾಗಿ ಮಾತಿನ ಜೊತೆ ಕಳಿಸುವ ಸಣ್ಣ ದನಿ) ಇರುವ ಕರೆ ಸ್ಪಷ್ಟವಾಗಿ ಕೇಳಿಸಿತು, ಎರಡು ಸೆಕೆಂಡಾದರೂ ಎ ಬಾಯಿ ಬಿಡಲಿಲ್ಲ ಎಂದರೆ ಎ ಕಿವುಡು ಅಥವಾ ಮೂಕ. ಎ ಒಂದು ಕರೆಯನ್ನು ದಾಟಿಸುತ್ತಿದೆ, ಬಿಗೆ ಅದು ಕೇಳಿಸಿಯೇ ಇಲ್ಲ ಎಂದರೆ ಬಿ ಕಿವುಡು. ಬಿಯ ಆಂಟೆನಾ ತಗ್ಗಿನಲ್ಲಿರುವುದರಿಂದ ದೂರದ ತೆಳು ಕರೆಗಳು ಅದಕ್ಕೆ ಕೇಳದಿರುವುದು ಸಹಜ. ಹಾಗಾಗಿ ಒಂದು ಮೈಕ್ರೋವೋಲ್ಟ್‌ಗಿಂತ ಬಲವಾದ ಕರೆಗಳನ್ನು ಮಾತ್ರ ಸಾಕ್ಷಿಯಾಗಿ ಲೆಕ್ಕಕ್ಕೆ ಹಿಡಿಯಬೇಕೆಂದು ಇಟ್ಟೆವು. ಹೀಗೆ ದಿನದ ಮಾತುಕತೆಯೇ ದಿನದ ಪರೀಕ್ಷೆಯಾಯಿತು. ಎರಡು ರಿಸೀವರುಗಳಲ್ಲಿ ಚೆನ್ನಾಗಿ ಕೇಳಿದ್ದನ್ನು ಆರಿಸಿ ಕಳುಹಿಸುವ ವೋಟಿಂಗ್ ಕೂಡ ಹಾಕಬಹುದಿತ್ತು. ಬೇಡ ಎಂದೆ. ಕೆಡುವ ಇನ್ನೊಂದು ವಸ್ತುವನ್ನು ನಡುವೆ ತಂದಂತಾಗುತ್ತದೆ.

ಮಧ್ಯದ ಪೆಟ್ಟಿಗೆಯ ಬದಲು ಎರಡು ಸಣ್ಣ ಕಾರ್ಡು, ಒಂದೊಂದು ರಿಪೀಟರಿಗೆ ಒಂದೊಂದು, ನಡುವೆ ನಾಡಿ ಮಿಡಿತದಂತೆ ಸಿಗ್ನಲ್ ಹೋಗುವ ಒಂದು ವೈರು. ಇಲ್ಲಿ ಎಡವಟ್ಟಾಗುವುದು ಸುಲಭ. ವೈರು ತುಂಡಾಯಿತು ಎನ್ನಿ. ‘ಎ ಸತ್ತಿದೆ’ ಎಂದುಕೊಂಡು ಬಿ ಶುರು ಮಾಡಿದರೆ ಇಬ್ಬರೂ ಒಂದೇ ಫ್ರೀಕ್ವೆನ್ಸಿಯಲ್ಲಿ ಕೂಗಾಡಿ ಕೇಳುವವರಿಗೆ ಬರೀ ಕೀರಲು. ಆದ್ದರಿಂದ ವೈರು ಮೌನವಾದದ್ದೊಂದೇ ಸಾಲದು. ಕರೆ ಬಂದಿದೆ, ಎಯಿಂದ ಕ್ಯಾರಿಯರ್, ಅಂದರೆ ರೇಡಿಯೋ ಅಲೆ, ಹೊರಟಿಲ್ಲ ಎಂಬ ಎರಡನೆಯ ಸಾಕ್ಷಿಯೂ ಬೇಕು. ವೈರು ಮೌನವಾಗಿ ಎ ಮಾತಾಡುತ್ತಲೇ ಇದ್ದರೆ ಬಿ ಸುಮ್ಮನಿದ್ದು ಅಲಾರಂ ಮಾತ್ರ ಎತ್ತುತ್ತದೆ. ಇದಕ್ಕೆ ವಿರುದ್ಧವಾದ ಕಾಯಿಲೆ, ಎಯ ಕೀ ಅಂಟಿಕೊಂಡು ಬಾಯಿ ಮುಚ್ಚದೇ ಹೋಗುವುದು. ಅದಕ್ಕಾಗಿ ಬಿ ಅಧಿಕಾರ ಹಿಡಿಯುವ ಮುನ್ನ ಎಯ ಟ್ರಾನ್ಸ್‌ಮಿಟರಿನ ಸಪ್ಲೈ ಕತ್ತರಿಸುವ ರಿಲೇ ಒಂದಿದೆ. ಆ ರಿಲೇಗೇ ಕರೆಂಟ್ ಹೋದರೆ ಎ ಚಾಲೂ ಇರುವ ಸ್ಥಿತಿಗೇ ಬೀಳುವಂತೆ ಕಟ್ಟಿದ್ದೇವೆ.

ಒಮ್ಮೆ ಬಿ ಕೆಲಸ ಹಿಡಿದರೆ ಎ ಚೇತರಿಸಿಕೊಂಡರೂ ತಾನಾಗಿ ವಾಪಸು ಬರುವಂತಿಲ್ಲ. ಮನುಷ್ಯರು ಬಂದು ನೋಡಿ ತಿರುಗಿಸಬೇಕು. ಗಂಟೆಯೊಳಗೆ ಮೂರು ಸಲ ಬದಲಾವಣೆಯಾದರೆ ಇದ್ದಲ್ಲೇ ನಿಲ್ಲಬೇಕು, ಪವರ್ ತಗ್ಗಿದ್ದರೂ ಸರಿ. ಜುಲೈ ರಾತ್ರಿಯ ಪಿಂಗ್‌ಪಾಂಗ್ ಆಟಕ್ಕೆ ಈ ಎರಡು ಸಾಲು ಸಾಕಿತ್ತು.

ವಿದ್ಯುತ್ತಿನ ಕಡೆ ಹಳೆಯ ಚಿತ್ರ ಹೀಗಿತ್ತು: ಎರಡು ಪವರ್ ಸಪ್ಲೈ, ಎರಡೂ ಒಂದೇ ಯುಪಿಎಸ್‌ಗೆ, ಯುಪಿಎಸ್ ಒಂದೇ ಎಂಸಿಬಿಗೆ. ಯುಪಿಎಸ್ ತೆಗೆದೆವು. ಒಂದೊಂದು ರಿಪೀಟರಿಗೂ ಪ್ರತ್ಯೇಕ ಚಾರ್ಜರ್, ಪ್ರತ್ಯೇಕ 12 ವೋಲ್ಟ್ ಬ್ಯಾಟರಿ. ಐದರಲ್ಲಿ ಒಂದು ಪಾಲು ಹೊತ್ತು ಮಾತು ಎಂದುಕೊಂಡರೆ ಸರಾಸರಿ ಮೂರು ಆಂಪಿಯರ್ ಚಿಲ್ಲರೆ, ಹನ್ನೆರಡು ಗಂಟೆಗೆ ಸುಮಾರು 40 ಆಂಪಿಯರ್-ಅವರ್. ಬ್ಯಾಟರಿ ಮುದಿಯಾಗುವುದನ್ನು ಸೇರಿಸಿ 100ರದ್ದು ಹಾಕಿದೆವು. ಒಂದರ ಬ್ಯಾಟರಿ ಇನ್ನೊಂದಕ್ಕೂ ನೆರವಾಗುವಂತೆ ಡಯೋಡ್ ಮೂಲಕ ಜೋಡಿಸುವುದೋ ಬೇಡವೋ ಎಂಬ ಚರ್ಚೆ ನಡೆಯಿತು. ಡಯೋಡ್ ಶಾರ್ಟ್ ಆದರೆ ಹೊರಗೆ ಏನೂ ಗೊತ್ತಾಗುವುದಿಲ್ಲ, ಎಲ್ಲ ಮಾಮೂಲಿನಂತೆ ನಡೆಯುತ್ತದೆ. ಮುಂದೊಂದು ದಿನ ಒಂದು ಬದಿ ಶಾರ್ಟ್ ಆದಾಗ ಎರಡನ್ನೂ ಎಳೆದುಕೊಂಡು ಹೋಗುತ್ತದೆ. ಕೊನೆಗೆ ಜೋಡಿಸಲಿಲ್ಲ. ಎರಡು ಸಂಸಾರ ಪೂರ್ತಿ ಬೇರೆ.

ಕೋಣೆಯ ಏಸಿ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಇದ್ದದ್ದು ಒಂದೇ, ಅದಕ್ಕೆ ಯುಪಿಎಸ್ ಆಸರೆ ಇರಲಿಲ್ಲ. ಕರೆಂಟ್ ಹೋದ ಮಧ್ಯಾಹ್ನ ಶೀಟಿನ ಮಾಡಿನ ಕೆಳಗೆ ಕಪಾಸಿಟರೂ ಬೇಯುತ್ತವೆ, ಬ್ಯಾಟರಿಯೂ ಬೇಯುತ್ತದೆ. ಸೀಲ್ ಮಾಡಿದ ಲೆಡ್-ಆಸಿಡ್ ಬ್ಯಾಟರಿಯ ಆಯಸ್ಸು ಶಾಖ 10 ಡಿಗ್ರಿ ಏರಿದರೆ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ಎರಡನೆಯ ಏಸಿ ಬೇಕೆಂದು ಅವರು, ಏಸಿಯೇ ಬೇಡವಾಗುವಂತೆ ಮಾಡೋಣ ಎಂದು ನಾನು. ನಮ್ಮ ಕಿತ್ತೂರಿನಲ್ಲಿ 1986ರಲ್ಲಿ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾದದ್ದು ಹವಾನಿಯಂತ್ರಣ ಇಲ್ಲದ ಕೋಣೆಯಲ್ಲಿ ನಡೆಯಲೆಂದೇ ಮಾಡಿದ ಯಂತ್ರದಿಂದ. ಹಳ್ಳಿಯ ಕರೆಂಟಿನ ಮೇಲೆ ಏಸಿ ನಂಬಿ ಕೂತರೆ ಎಕ್ಸ್‌ಚೇಂಜ್ ನಡೆಯದು ಎಂದು ಅದನ್ನು ಮಾಡಿದವರಿಗೆ ಗೊತ್ತಿತ್ತು. ಇಲ್ಲಿ ನಾವು ಮಾಡಿನ ಕೆಳಗೆ ಇನ್ನೊಂದು ಪದರ ಹಾಕಿ, ಗಾಳಿ ಹಾಯುವ ಜಾಲರಿ ಇಟ್ಟು, 105 ಡಿಗ್ರಿಯ ಕಪಾಸಿಟರ್ ಇರುವ ಪವರ್ ಸಪ್ಲೈ ಆರಿಸಿದೆವು. ಏಸಿ ಈಗಲೂ ಇದೆ, ಕಾಕಾಗೆ ತಂಪಾಗಿರಲಿ ಎಂದು.

ಕಾಕಾ ಜೊತೆಗಿನ ವಾದ

ಎ ಮತ್ತು ಬಿ ಬೇರೆ ಬೇರೆ ಕಂಪನಿಯ ಸೆಟ್ಟಾಗಿರಲಿ ಎಂಬುದು ನನ್ನ ಮೊದಲ ಸಲಹೆ. ಎರಡರಲ್ಲೂ ಒಂದೇ ಫರ್ಮ್‌ವೇರ್ (ಸೆಟ್ಟಿನೊಳಗೇ ಇರುವ ತಂತ್ರಾಂಶ) ಇದ್ದರೆ ಅದರೊಳಗಿನ ತಪ್ಪೂ ಎರಡರಲ್ಲೂ ಒಂದೇ. ಅಮೆರಿಕದಲ್ಲಿ 1990ರ ಜನವರಿ 15ರಂದು ಎಟಿ ಅಂಡ್ ಟಿಯ ದೂರದೂರಿನ ಕರೆಗಳ ಜಾಲ ಸುಮಾರು ಒಂಬತ್ತು ಗಂಟೆ ತತ್ತರಿಸಿದ್ದು ಹೀಗೇ. 114 ಸ್ವಿಚ್ಚುಗಳಲ್ಲೂ ಅದೇ ಹೊಸ ತಂತ್ರಾಂಶ. ಒಂದು ಸ್ವಿಚ್ಚು ಬಿದ್ದು ಎದ್ದು ‘ನಾನು ಸರಿಯಾದೆ’ ಎಂದು ಹೇಳಿದ ಸಂದೇಶವೇ ನೆರೆಯ ಸ್ವಿಚ್ಚುಗಳನ್ನು ಬೀಳಿಸುತ್ತಿತ್ತು, ಅವು ಎದ್ದು ಇನ್ನೊಬ್ಬರನ್ನು ಬೀಳಿಸುತ್ತಿದ್ದವು. ಒಂದೊಂದು ಸ್ವಿಚ್ಚಿನೊಳಗೂ ಜೋಡಿ ಪ್ರೊಸೆಸರುಗಳಿದ್ದವು. ಏನೂ ಪ್ರಯೋಜನವಾಗಲಿಲ್ಲ.

ಕಾಕಾ ಒಪ್ಪಲಿಲ್ಲ. “ಎರಡ ಥರದ್ದು ಇಟ್ರ ಸ್ಪೇರೂ ಎರಡ ಥರ ಬೇಕರೀ. ಪ್ರೋಗ್ರಾಮ್ ಮಾಡೂ ಕೇಬಲ್ಲೂ ಬ್ಯಾರೆ. ನಡುರಾತ್ರಿ ಮಳ್ಯಾಗ ಬ್ಯಾಟ್ರಿ ಹಿಡಕೊಂಡು ನಿಂತಾಗ ಯಾವ ಸೆಟ್ಟಿಗೆ ಯಾವ ಪಿನ್ನು ಅಂತ ಹುಡಕ್ಲಿ ನಾ?”

ಅವರ ಮಾತಿನಲ್ಲಿ ತೂಕವಿತ್ತು. ಜೋಡಿ ವ್ಯವಸ್ಥೆಗಳು ಬೀಳುವುದು ಎಷ್ಟೋ ಸಲ ರಿಪೇರಿಗೆ ನಿಂತವರ ಕೈಯಲ್ಲಿ, ಕೆಟ್ಟದ್ದರ ಬದಲು ಚೆನ್ನಾಗಿರುವುದನ್ನು ಬಿಚ್ಚಿಬಿಡುವುದರಿಂದ. ಸೆಟ್ಟು ಒಂದೇ ಥರದ್ದು ಇಟ್ಟೆವು. ಬದಲಿಗೆ ಫರ್ಮ್‌ವೇರ್ ಬದಲಾಯಿಸುವಾಗ ಮೊದಲು ಬಿಗೆ ಹಾಕಿ, ಅದು ಒಂದು ತಿಂಗಳು ದುಡಿದ ಮೇಲೆ ಎಗೆ ಎಂಬ ನಿಯಮ. ಜೊತೆಗೆ ಎಯ ವೈರು, ಕನೆಕ್ಟರ್, ಫ್ಯೂಸ್ ಎಲ್ಲಕ್ಕೂ ಹಳದಿ ಪಟ್ಟಿ, ಬಿಗೆ ನೀಲಿ.

ಪರೀಕ್ಷೆಯ ವಿಷಯದಲ್ಲಿ ಗೆದ್ದದ್ದು ಕಾಕಾ. ದಿನಾ ನಸುಕಿನಲ್ಲಿ ಕಪ್ಲರ್ ಮೂಲಕ ಅರ್ಧ ಮೈಕ್ರೋವೋಲ್ಟಿನ ಸಿಗ್ನಲ್ ಕೊಟ್ಟು ಎರಡೂ ರಿಸೀವರುಗಳ ಕಿವಿ ನೋಡುವುದು, ಬಿಯನ್ನು ವಾರಕ್ಕೊಮ್ಮೆ ಅರ್ಧ ನಿಮಿಷ ಕೀ ಒತ್ತಿ ನೋಡುವುದು ಎಂದು ನಾನು ಬರೆದಿದ್ದೆ. ಅವರು ಕೇಳಿದರು: “ಅರ್ಧ ನಿಮಿಷ ಯಾಕ್ರೀ? ಸೋಮವಾರಕ್ಕ ಪಾಳಿ ಬದಲಾಯಿಸಿಬಿಡ್ರಿ. ಈ ವಾರ ಎ ದುಡೀಲಿ, ಮುಂದಿನ ವಾರ ಬಿ.” ಸರಿಯಾದ ಮಾತು. ಅರ್ಧ ನಿಮಿಷದಲ್ಲಿ ಹೀಟ್‌ಸಿಂಕು ಬಿಸಿಯಾಗುವುದಿಲ್ಲ. ಬಿಸಿಯಾದ ಮೇಲೆ ಕಾಣಿಸಿಕೊಳ್ಳುವ ದೋಷಗಳು ಅಲ್ಲಿ ಸಿಗುವುದಿಲ್ಲ. ಪಾಳಿಯಲ್ಲಿ ಇಬ್ಬರೂ ನಿಜವಾದ ಹೊರೆ ಹೊರುತ್ತಾರೆ, ಯಾರೂ ಸ್ಟ್ಯಾಂಡ್‌ಬೈ ಅಲ್ಲ. ಕುಮಟಾದವರು “ಚಲೋ ನಡೀತಾ ಇದ್ದಿದ್ದನ್ನ ಎಂತಕ್ಕೆ ಮುಟ್ಟೂದು?” ಎಂದು ಹಿಂಜರಿದರು. ಮುಟ್ಟುವುದು ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಕಾಕಾ ಎದುರಿಗಿರುವಾಗ, ಅಂಗಡಿಗಳು ತೆರೆದಿರುವಾಗ. ಬದಲಾವಣೆಯಲ್ಲಿ ಏನಾದರೂ ಮುರಿಯುವುದಿದ್ದರೆ ಆಗಲೇ ಮುರಿಯಲಿ ಎಂದು ಹೇಳಿದ ಮೇಲೆ ಒಪ್ಪಿದರು.

ಅಲಾರಂ ಈಗ ಮೊಬೈಲ್ ಮೋಡೆಮ್ಮಿನಿಂದ ಎಸ್‌ಎಂಎಸ್ ಆಗಿ ಹೋಗುತ್ತದೆ. ಕಾಂಟ್ಯಾಕ್ಟನ್ನು ತಿರುಗಿಸಿ ಕಟ್ಟಿದ್ದೇವೆ: ಎಲ್ಲ ಸರಿಯಿದ್ದಾಗ ರಿಲೇ ಎಳೆದುಕೊಂಡಿರುತ್ತದೆ, ವೈರು ತುಂಡಾದರೂ ಕರೆಂಟ್ ಹೋದರೂ ಬಿಡುಗಡೆಯಾಗಿ ಅಲಾರಂ ಆಗುತ್ತದೆ. ಬೆಳಿಗ್ಗೆ ಆರಕ್ಕೆ ‘ಎಲ್ಲ ಸರಿ’ ಎಂಬ ಸಂದೇಶ ಬರಬೇಕು; ಬರದಿದ್ದರೆ ಅದೇ ಅಲಾರಂ. ಮೊದಲ ವಾರಗಳಲ್ಲಿ ಇದನ್ನು ಯಾರೂ ಗಮನಿಸುತ್ತಿರಲಿಲ್ಲ. ರಾತ್ರಿ ಪಾಳಿಯವರು ಡ್ಯೂಟಿ ಬಿಡುವ ಮುನ್ನ ಆ ಸಂದೇಶದ ಸಮಯವನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕೆಂದ ಮೇಲೆ ಸರಿಹೋಯಿತು.

ಮುಂದಿನ ಮಳೆಗಾಲ

ಹೊಸ ವ್ಯವಸ್ಥೆಯ ಮೊದಲ ಮಳೆಗಾಲದಲ್ಲಿ ಎರಡು ದೋಷ ಬಂದವು. ಎಯ ಪವರ್ ಸಪ್ಲೈ ಜೂನ್ ಕೊನೆಯಲ್ಲಿ ಕೈಕೊಟ್ಟಿತು. ಬ್ಯಾಟರಿ ಮೇಲೆ ಎ ಹಲವು ಗಂಟೆ ನಡೆಯಿತು, ಅಷ್ಟರಲ್ಲಿ ಕಾಕಾ ಬಂದು ಬಿಗೆ ತಿರುಗಿಸಿದರು. ಆಗಸ್ಟಿನಲ್ಲಿ ನಸುಕಿನ ಪರೀಕ್ಷೆ ಬಿಯ ಕಿವಿ 6 ಡಿಬಿ ಮಂದವಾಗಿದೆ ಎಂದು ತೋರಿಸಿತು. ಸಿಡಿಲು ತಡೆಯುವ ಅರೆಸ್ಟರಿನೊಳಗೆ ತೇವ. ಆ ವಾರ ದುಡಿಯುತ್ತಿದ್ದುದು ಎ, ಆದ್ದರಿಂದ ಬಾರ್ಜಿನವರಿಗೆ ವಿಷಯ ಗೊತ್ತೇ ಆಗಲಿಲ್ಲ.

ಉಳಿದ ಒಂಟಿಗಳು ಇವೆ. ಗುಡ್ಡ ಒಂದೇ, ಕಟ್ಟಡ ಒಂದೇ. ಸಿಡಿಲು ಹಳದಿ ಪಟ್ಟಿ, ನೀಲಿ ಪಟ್ಟಿ ಎಂದು ನೋಡುವುದಿಲ್ಲ. ಅರ್ಥಿಂಗ್ ಕೂಡ ತಲೆನೋವೇ: ಜಂಬಿಟ್ಟಿಗೆ ನೆಲ, ಒಣಗಿದಾಗ ಕರೆಂಟ್ ಬಿಟ್ಟುಕೊಳ್ಳುವುದಿಲ್ಲ. ಜುಲೈನಲ್ಲಿ ಅಳೆದ ಅಂಕಿಯನ್ನು ಫೈಲಿನಲ್ಲಿಟ್ಟುಕೊಂಡು ಸಮಾಧಾನಪಡುವ ಹಾಗಿಲ್ಲ, ಸಿಡಿಲು ಜೋರಾಗಿ ಬರುವುದು ನೆಲ ಇನ್ನೂ ಒಣಗಿರುವ ಮೇ ತಿಂಗಳಲ್ಲಿ. ನಾಲ್ಕು ಗುಂಡಿ ತೆಗೆಸಿ ತಾಮ್ರದ ಪಟ್ಟಿಯಿಂದ ಜೋಡಿಸಿದ್ದೇವೆ, ಮೇಯಲ್ಲಿ ಮತ್ತೆ ಅಳೆಯುತ್ತೇವೆ.

ಕಾಲುವೆಗೆ ಹತ್ತಿರವಾಗುವಂತೆ ಇನ್ನೊಂದು ಗುಡ್ಡದಲ್ಲಿ, ಬೇರೆ ಫ್ರೀಕ್ವೆನ್ಸಿಯಲ್ಲಿ, ಒಂದು ಸಣ್ಣ ರಿಪೀಟರ್ ಇಡಬೇಕೆಂಬುದು ನಮ್ಮ ವರದಿಯ ಕೊನೆಯ ಶಿಫಾರಸು. ಮೂರನೆಯ ರಿಪೀಟರಿಗೆಂದು ತೆಗೆದಿಟ್ಟ ಹಣ ಅದಕ್ಕೆ ಸಾಕಾಗುತ್ತದೆ, ಜಾಗದ ಬಾಡಿಗೆ ಬೇರೆ. ಫ್ರೀಕ್ವೆನ್ಸಿ ಅರ್ಜಿ ಹೋಗಿದೆ. ಅಲ್ಲಿಯ ತನಕ ಎಲ್ಲ ಸೆಟ್ಟುಗಳಲ್ಲೂ 16ನೇ ಚಾನೆಲ್ಲಿನಲ್ಲಿ ರಿಪೀಟರ್ ಇಲ್ಲದೆ ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ ಮಾತಾಡುವ ಡೈರೆಕ್ಟ್ ಹಾಕಿಕೊಟ್ಟಿದ್ದೇವೆ. ಮರೀನ್ ಸೆಟ್ಟಿನಲ್ಲೂ ತುರ್ತು ಕರೆಗೆ 16ನೇ ಚಾನೆಲ್ಲೇ ಇರುವುದರಿಂದ ಸಿಬ್ಬಂದಿಗೆ ನೆನಪಿಡಲು ಸುಲಭ. ತಿಂಗಳ ಮೊದಲ ಸೋಮವಾರ ಪಾಳಿ ಬದಲಿಸುವಾಗ ಕಾಕಾ ಹತ್ತು ನಿಮಿಷ ಎರಡೂ ರಿಪೀಟರ್ ಬಂದ್ ಮಾಡುತ್ತಾರೆ, ಬಾರ್ಜಿನವರು ಡೈರೆಕ್ಟಿನಲ್ಲಿ ಹಾಜರಿ ಹೇಳಬೇಕು. ಕಳೆದ ಸಲ ಇಬ್ಬರು ಹೇಳಲಿಲ್ಲ. ಅವರ ಸೆಟ್ಟಿನ ಚಾನೆಲ್ ನಾಬ್ ಉಪ್ಪು ಕಟ್ಟಿ ತಿರುಗುತ್ತಲೇ ಇರಲಿಲ್ಲವಂತೆ.